ತೊಟ್ಟಿಲಿನ ಹಳದಿ ಬಣ್ಣ

ಸೋದರಮಾವ ಆಗ್ತಿದ್ದೀನಿ ಅನ್ನೋ ಖುಷಿಯಲ್ಲಿ, ತೊಟ್ಟಿಲು ನಾನೇ ಮಾಡಿಕೊಡ್ತೀನಿ ಅಂತ ಅಕ್ಕನಿಗೆ ಮಾತು ಕೊಟ್ಟುಬಿಟ್ಟೆ. ತೊಟ್ಟಿಲು ತವರಿನಿಂದಲೇ ಹೋಗಬೇಕು ಅನ್ನೋದು ಅಮ್ಮನ ಹಟ. ಆನ್‌ಲೈನಲ್ಲಿ ಆರ್ಡರ್ ಮಾಡಿದ್ದರೆ ಎರಡು ದಿನದಲ್ಲಿ ಬರುತ್ತಿತ್ತು. ಆದರೆ ವಾರವಿಡೀ ಲ್ಯಾಪ್‌ಟಾಪ್ ಕುಟ್ಟುವವನಿಗೆ ಮುಟ್ಟಿ ನೋಡಬಹುದಾದ ಏನನ್ನಾದರೂ ಮಾಡುವ ಆಸೆ. ತೇಗದ ಪಟ್ಟಿ ತಂದು, ನಾಲ್ಕು ವಾರಾಂತ್ಯ ತಾರಸಿ ಮೇಲೆ ಕೂತು, 80ರ ಸ್ಯಾಂಡ್‌ಪೇಪರಿನಿಂದ 220ರವರೆಗೆ ಉಜ್ಜಿದೆ. ಪ್ರತಿ ಅಂಚನ್ನೂ ಕೆನ್ನೆಗೆ ಒತ್ತಿ ನೋಡಿದೆ.

ಬಣ್ಣ ಅಟ್ಟದ ಮೇಲೆಯೇ ಸಿಕ್ಕಿತು. ಗೇಟಿಗೆ ಹೊಡೆದು ಉಳಿದಿದ್ದ ಹಳದಿ ಎನಾಮಲ್. ಮೇಲೆ ಕೆನೆ ಕಟ್ಟಿತ್ತು, ತೆಗೆದರೆ ಒಳಗೆ ಚೆಂಡುಹೂವಿನ ಬಣ್ಣ. ಪಕ್ಕದ ಪಟ್ಟಿಗಳಿಗೆಲ್ಲ ಎರಡು ಕೋಟ್ ಹೊಡೆದು ಫೋಟೋ ಕಳಿಸಿದೆ. ಫ್ಯಾಮಿಲಿ ಗ್ರೂಪಿನಲ್ಲಿ ಚಪ್ಪಾಳೆಯೋ ಚಪ್ಪಾಳೆ.

ನಾಮಕರಣಕ್ಕೆ ಐದು ದಿನ ಇದ್ದಾಗ ಡಬ್ಬ ಎಸೆಯಲು ಹೋಗಿ ಲೇಬಲ್ ಓದಿದೆ. ತಯಾರಾದ ವರ್ಷ 2011. ಮನೆಗೆ ಬಳಸುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಮೊದಲಿನ ಎನಾಮಲ್‌ಗಳಲ್ಲಿ, ಅದರಲ್ಲೂ ಹಳದಿಯಲ್ಲಿ, ಸೀಸ ಬೆರೆಸುವುದು ಮಾಮೂಲಿಯಾಗಿತ್ತು. ನನ್ನ ಡಬ್ಬದಲ್ಲಿ ಇತ್ತೋ ಇಲ್ಲವೋ, ಲೇಬಲ್ ಹೇಳಲಿಲ್ಲ.

ಆ ‘ಇಲ್ಲವೋ’ ಎನ್ನುವ ಪದ ಎಷ್ಟು ಹಾಯಾಗಿತ್ತು ಗೊತ್ತಾ? ಲೇಬಲ್ ಓದಿದವನು ನಾನೊಬ್ಬನೇ. ಡಬ್ಬ ಎಸೆದರೆ ಮುಗೀತು.

ಅಮ್ಮನಿಗೆ ಹೇಳಿದೆ. “ನೀನು ಕಿಟಕಿ ಸರಳು ಕಚ್ಚಿಕೊಂಡೇ ಬೆಳೆದವನು. ಏನಾಯ್ತೋ ನಿನಗೆ?” ಅಂದಳು. ನಮ್ಮೆಲ್ಲರ ಬಾಯಲ್ಲೂ ಇರುವ ವಾದ ಇದು. ಇದರ ತೊಂದರೆ ಏನೆಂದರೆ, ಏನಾಯ್ತು ಅಂತ ತಿಳಿಯುವ ದಾರಿಯೇ ಇಲ್ಲ. ಸೀಸ ಬೆಳೆಯುವ ಮೆದುಳಿನಿಂದ ಒಂದಿಷ್ಟನ್ನು ಸದ್ದಿಲ್ಲದೆ ಕಸಿದುಕೊಳ್ಳುತ್ತದೆ. ಇಷ್ಟಾದರೆ ಪರವಾಗಿಲ್ಲ ಎನ್ನುವ ಸುರಕ್ಷಿತ ಪ್ರಮಾಣವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಳೆದುಕೊಂಡವನಿಗೆ ಕಳೆದದ್ದು ಏನೆಂದೇ ಗೊತ್ತಿರುವುದಿಲ್ಲ. ಮೇಲಾಗಿ ಬಣ್ಣವನ್ನು ನಾವು ನೋಡುವುದು ಕಣ್ಣಿಂದ, ಮಗು ನೋಡುವುದು ನಾಲಿಗೆಯಿಂದ. ಚಪ್ಪಾಳೆ ಬಂದದ್ದೆಲ್ಲ ಕಣ್ಣಿದ್ದವರಿಂದ.

ಸರಿ, ಬಣ್ಣ ತೆಗೆಸೋಣ ಅಂತ ಏರಿಯಾದ ಪೇಂಟರ್‌ನನ್ನು ಕರೆದೆ. “ಕೊಡಿ ಸಾರ್, ಐನೂರು ರೂಪಾಯಿ, ಸಂಜೆಯೊಳಗೆ ಉಜ್ಜಿ ಕೊಡ್ತೀನಿ” ಅಂದ. ಮುಖಕ್ಕೆ ಟವೆಲ್ ಸುತ್ತಿಕೊಂಡು ಕೂತೇಬಿಟ್ಟ. ನನಗೆ ಸಮಾಧಾನವಾಯಿತು. ಆ ಸಮಾಧಾನವೇ ಆಮೇಲೆ ಕುಟುಕಿತು. ಹಳೇ ಬಣ್ಣವನ್ನು ಒಣಗಿದ್ದಾಗ ಉಜ್ಜಿದರೆ ಏಳುವ ಧೂಳು ಬಣ್ಣಕ್ಕಿಂತ ಅಪಾಯ. ಅವನ ಶರ್ಟಿನ ಜೊತೆ ಅದು ಮನೆಗೆ ಹೋಗುತ್ತದೆ. ಅವನಿಗೂ ಎರಡು ವರ್ಷದ ಮಗಳಿದ್ದಾಳೆ. ನಮ್ಮ ಮಗುವಿನ ವಿಷವನ್ನು ಐನೂರು ರೂಪಾಯಿಗೆ ಅವಳಿಗೆ ದಾಟಿಸುತ್ತಿದ್ದೆ. ವಿಷಯ ಹೇಳಿ, ದಿನದ ಕೂಲಿ ಕೊಟ್ಟು ಕಳಿಸಿದೆ. ಅವನು ನನ್ನನ್ನು ಹುಚ್ಚನ ಹಾಗೆ ನೋಡಿದ.

ಕೊನೆಗೆ ಹಳದಿ ಪಟ್ಟಿಗಳನ್ನೇ ಬಿಚ್ಚಿ, ರಜೆ ಹಾಕಿ ಹೊಸದು ಕೂರಿಸಿದೆ. ಚನ್ನಪಟ್ಟಣದವರು ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಉಜ್ಜಿದ ಬಿಸಿಗೇ ಅದನ್ನು ಕರಗಿಸಿ ಬಣ್ಣ ಹಿಡಿಸುತ್ತಾರೆ. ಚಪ್ಪಟೆ ಪಟ್ಟಿಗೆ ಅದು ಆಗುವುದಿಲ್ಲ. ಅದಕ್ಕೆ ಅದೇ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ತೆಳುವಾಗಿ ಮೂರು ಸಲ ಒರೆಸಿದೆ. ಸ್ಪಿರಿಟ್ ಹಾರಿಹೋಯಿತು, ಮರದ ಗೆರೆ ಎದ್ದು ಕಂಡಿತು. “ಒಂದು ಬಣ್ಣ ಇಲ್ಲ, ಬೋಳು ಬೋಳು” ಅಂದಳು ಅಮ್ಮ. ಈಗ ಆ ಬೋಳು ಪಟ್ಟಿಯ ಮೇಲೆ ಸೋದರಳಿಯನ ಎರಡು ಹಲ್ಲಿನ ಗುರುತಿದೆ.

ಹಳದಿ ಪಟ್ಟಿಗಳು ಮಾತ್ರ ಇನ್ನೂ ನಮ್ಮ ತಾರಸಿಯಲ್ಲೇ ಇವೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದೇನೆ. ಸುಟ್ಟರೆ ಸೀಸ ಹೊಗೆಯಲ್ಲಿ ಹೋಗುತ್ತದೆ. ಕಸದ ಗಾಡಿಗೆ ಹಾಕಿದರೆ ಒಳ್ಳೇ ತೇಗ ಅಂತ ಯಾರೋ ಎತ್ತಿಕೊಂಡು ಹೋಗುತ್ತಾರೆ. ಅವರ ಮನೆಯಲ್ಲೂ ಮಗು ಇರಬಹುದು. ಇಲ್ಲದೆಯೂ ಇರಬಹುದು. ಆ ‘ಇಲ್ಲದೆಯೂ’ ಎನ್ನುವುದನ್ನು ನಂಬಿಕೊಂಡು ಕೈತೊಳೆದುಕೊಳ್ಳಲು ನನಗೆ ಇನ್ನೂ ಆಗಿಲ್ಲ.