ತಿತಿಕ್ಷೆಯೂ ಚಿಕಿತ್ಸೆಯೂ

ದೇಹಧಾರಿಯಾದವನಿಗೆ ವೇದನೆಯು ತಪ್ಪಿದ್ದಲ್ಲವೆಂಬುದು ಸರ್ವರಿಗೂ ವಿದಿತವಾದ ವಿಷಯವು. ಆದರೆ ಬಂದ ವೇದನೆಯನ್ನು ಮೌನವಾಗಿ ಸಹಿಸಿಕೊಂಡಿರುವುದು ಧರ್ಮವೋ, ಅದನ್ನು ನೀಗುವ ಉಪಾಯವನ್ನು ಅರಸುವುದು ಧರ್ಮವೋ ಎಂಬ ಸಂಶಯವು ವಿಚಾರವಂತರ ಮನೆಗಳಲ್ಲಿಯೂ ಆಗಾಗ ಏಳುತ್ತಿರುವುದು. ಎರಡು ದಿನದ ಜ್ವರಕ್ಕೆ ಈ ಸಂಶಯವು ಏಳಲಾರದು. ಕಷಾಯವನ್ನೋ ಮಾತ್ರೆಯನ್ನೋ ಸೇವಿಸಿ ಮಲಗಿದರೆ ಮುಗಿಯಿತು. ವರ್ಷಗಟ್ಟಲೆ ಬಿಡದೆ ಮರಳಿ ಮರಳಿ ಬರುವ ನೋವಿನ ವಿಷಯದಲ್ಲಿಯೇ ಸಹನೆಯೆಂದರೇನು, ಪ್ರಯತ್ನವೆಂದರೇನು ಎಂಬುದನ್ನು ಪರಾಮರ್ಶಿಸಬೇಕಾಗುವುದು.

ದೃಷ್ಟಾಂತಕ್ಕಾಗಿ ಬೆಂಗಳೂರಿನ ಪಶ್ಚಿಮ ಭಾಗದ ನಾಗರಬಾವಿಯಲ್ಲಿ ವಾಸಿಸುವ ಒಬ್ಬ ಗೃಹಸ್ಥನನ್ನು ಭಾವಿಸಿಕೊಳ್ಳಬಹುದು. ಹಗಲೆಲ್ಲ ಅವನು ಆರೋಗ್ಯವಂತನಂತೆಯೇ ಕಾಣುವನು. ಕಚೇರಿಯ ಕೆಲಸವನ್ನು ಮಾಡುವನು, ಸಂಜೆ ಮಕ್ಕಳ ಪಾಠವನ್ನು ನೋಡುವನು. ರಾತ್ರಿ ನಿದ್ರೆ ಹತ್ತಿದ ಒಂದೆರಡು ಗಂಟೆಗೆ, ಗಡಿಯಾರವಿಟ್ಟು ಎಬ್ಬಿಸಿದಂತೆ, ಬಲಗಣ್ಣಿನ ಹಿಂದೆ ಕಾದ ಸಲಾಕೆಯಿಂದ ತಿವಿದಂತಹ ನೋವು ಏಳುವುದು. ಆ ಕಣ್ಣು ಕೆಂಪೇರಿ ನೀರು ಸುರಿಸುವುದು, ರೆಪ್ಪೆಯು ಜೋಲುವುದು, ಅದೇ ಪಕ್ಕದ ಮೂಗು ಕಟ್ಟುವುದು. ಮಲಗಿರಲಾರದೆ ಅವನು ಪಡಸಾಲೆಯಲ್ಲಿ ಅತ್ತಿಂದಿತ್ತ ತಿರುಗಾಡುವನು, ಗೋಡೆಗೆ ತಲೆಯನ್ನು ಒತ್ತಿ ನಿಲ್ಲುವನು. ಗಂಟೆಯೊಂದು ಕಳೆದ ಬಳಿಕ ನೋವು ಬಂದಂತೆಯೇ ಹೊರಟುಹೋಗುವುದು. ಬೆಳಗ್ಗೆ ಅವನ ಮುಖವನ್ನು ನೋಡಿದವರಿಗೆ ಏನೂ ಕಾಣದು. “ತಲೆನೋವು ತಾನೆ, ಎಲ್ಲರಿಗೂ ಬರುತ್ತದಪ್ಪಾ, ಒಂದು ಮಾತ್ರೆ ನುಂಗಿ ಮಲಗು” ಎಂದು ಮನೆಯ ಹಿರಿಯರು ಹೇಳುವರು. ದೃಷ್ಟಿ ತೆಗೆಯುವುದು, ನೀಲಗಿರಿ ಎಣ್ಣೆ ಹಚ್ಚುವುದು, ಕನ್ನಡಕ ಬದಲಾಯಿಸುವುದು, ನಿರಪರಾಧಿಯಾದ ಹಲ್ಲನ್ನು ಕೀಳಿಸುವುದು ಇವೆಲ್ಲ ಆದರೂ ನೋವು ತನ್ನ ವೇಳೆಗೆ ಸರಿಯಾಗಿ ಬಂದೇ ಬರುವುದು.

ಈ ವ್ಯಾಧಿಗೆ ಆಧುನಿಕ ವೈದ್ಯರು ಕ್ಲಸ್ಟರ್ ತಲೆನೋವು ಎಂದು ಹೆಸರಿಟ್ಟಿರುವರು. ಬಾಧೆಗಳು ಗೊಂಚಲುಗೊಂಚಲಾಗಿ ಬರುವುದರಿಂದ ಈ ನಾಮವು ಅನ್ವರ್ಥವಾಗಿರುವುದು. ಒಂದೊಂದು ಬಾಧೆಯು 15 ನಿಮಿಷದಿಂದ 3 ಗಂಟೆಯವರೆಗೆ ಇರುವುದು. ದಿನಕ್ಕೆ 8 ಸಲದವರೆಗೂ ಬರಬಹುದು. ಬಹುಮಂದಿಗೆ ಕೆಲವು ವಾರಗಳೋ ತಿಂಗಳುಗಳೋ ಕಾಡಿ ದೀರ್ಘಕಾಲ ಬಿಡುವು ಕೊಡುವುದು. ಕೆಲವರಿಗೆ ಆ ಬಿಡುವೂ ಇಲ್ಲ. ಒಂದು ವರ್ಷ ಅಥವಾ ಅದಕ್ಕೆ ಮೇಲ್ಪಟ್ಟು, ನಡುವೆ ಮೂರು ತಿಂಗಳ ವಿರಾಮವೂ ದೊರೆಯದಿದ್ದರೆ ಅದನ್ನು ಚಿರಕಾಲಿಕವೆಂದು ಎಣಿಸುವರು. 1745ರಲ್ಲಿ ಗೆರಾರ್ಡ್ ವಾನ್ ಸ್ವೀಟೆನ್ ಎಂಬ ವೈದ್ಯನು ಪ್ರತಿದಿನವೂ ಅದೇ ಹೊತ್ತಿಗೆ ಒಂದು ಕಣ್ಣಿನ ಮೇಲೆ ನೋವುಂಟಾಗುತ್ತಿದ್ದ ಒಬ್ಬ ರೋಗಿಯನ್ನು ವರ್ಣಿಸಿರುವನು. ಮೆದುಳಿನ ತಳದಲ್ಲಿರುವ ಹೈಪೋಥಲಮಸ್ ಎಂಬ ಭಾಗವು ನಿದ್ರೆ, ಎಚ್ಚರ ಮೊದಲಾದ ದೇಹದ ಕಾಲಕ್ರಮವನ್ನು ನಡೆಸುವಂತಹುದು. ಬಾಧೆಯ ಸಮಯದಲ್ಲಿ ಆ ಭಾಗವೇ ವಿಶೇಷವಾಗಿ ಚೇಷ್ಟಿತವಾಗುವುದೆಂದು 1998ರಲ್ಲಿ ಚಿತ್ರಣಯಂತ್ರದ ಮೂಲಕ ಕಂಡುಕೊಂಡರು. ನೋವು ಗಡಿಯಾರದಂತೆ ಬರುವುದಕ್ಕೆ ಇದು ಸಮಂಜಸವಾದ ಕಾರಣವಾಗಿ ತೋರುವುದು.

ಪ್ರಾಚೀನರೂ ಶಿರೋರೋಗವನ್ನು ಅಲ್ಪವೆಂದು ಬಗೆಯಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಐದು ವಿಧವಾದ, ಸುಶ್ರುತನ ಉತ್ತರತಂತ್ರದಲ್ಲಿ ಹನ್ನೊಂದು ವಿಧವಾದ ಶಿರೋರೋಗಗಳು ಉಕ್ತವಾಗಿವೆ. ತಲೆಯ ಅರ್ಧಭಾಗವನ್ನೇ ಭೇದಿಸುವ ಅರ್ಧಾವಭೇದಕವೂ, ಸೂರ್ಯನೊಡನೆ ಏರಿ ಸೂರ್ಯನೊಡನೆ ಇಳಿಯುವ ಸೂರ್ಯಾವರ್ತವೂ ಅವುಗಳಲ್ಲಿ ಸೇರಿವೆ. ಇವುಗಳಲ್ಲೊಂದೇ ಇಂದಿನ ಕ್ಲಸ್ಟರ್ ವ್ಯಾಧಿಯೆಂದು ಸಾಧಿಸಹೊರಡುವುದು ಸಾಹಸವಾದೀತು. ಆದರೆ ನೋವಿಗೂ ಕಾಲಕ್ಕೂ ಸಂಬಂಧವುಂಟೆಂಬುದನ್ನು ಅವರು ಕಂಡಿದ್ದರೆಂಬುದು ಮಾತ್ರ ಸ್ಪಷ್ಟವು.

ಇನ್ನು ಪೂರ್ವಪಕ್ಷವನ್ನು ನೋಡತಕ್ಕದ್ದು. ಶೀತೋಷ್ಣಗಳೂ ಸುಖದುಃಖಗಳೂ ಬಂದುಹೋಗುವಂತಹವು, ಅವನ್ನು ಸಹಿಸೆಂದು ಗೀತೆಯ ಎರಡನೆಯ ಅಧ್ಯಾಯವು ಬೋಧಿಸುವುದು. ವಿವೇಕಚೂಡಾಮಣಿಯು ಇನ್ನೂ ಮುಂದೆ ಹೋಗಿ, ಪ್ರತೀಕಾರಕ್ಕೆ ತೊಡಗದೆಯೂ ಕೊರಗದೆಯೂ ಇರುವುದನ್ನೇ ತಿತಿಕ್ಷೆಯ ಲಕ್ಷಣವಾಗಿ ಎಣಿಸುವುದು. ಪ್ರಾರಬ್ಧವು ಅನುಭವಿಸಿಯೇ ತೀರತಕ್ಕದ್ದೆಂಬ ಮಾತೂ ಪ್ರಸಿದ್ಧವು. ಹೀಗಿರುವಲ್ಲಿ ಔಷಧಕ್ಕಾಗಿ ಊರೆಲ್ಲ ಅಲೆಯುವವನು ಅಧೀರನಲ್ಲವೆ? ನೋವನ್ನು ಹೇಳಿಕೊಳ್ಳುವುದು ದೌರ್ಬಲ್ಯವಲ್ಲವೆ? ಇದು ಆಕ್ಷೇಪವು.

ಇದಕ್ಕೆ ಸಮಾಧಾನವು ಹೇಗೆಂದರೆ, ಸಹಿಸೆಂಬ ಉಪದೇಶವು ಯಾರಿಗೆ, ಯಾವಾಗ ಆಯಿತೆಂಬುದನ್ನು ಮೊದಲು ವಿಚಾರಿಸಬೇಕು. ಬಿಲ್ಲನ್ನು ಕೆಳಗಿಟ್ಟು ಕುಳಿತವನಿಗೆ ಅದು ಏಳುವುದಕ್ಕಾಗಿ ಆದ ಉಪದೇಶವೇ ಹೊರತು ಕುಳಿತೇ ಇರುವುದಕ್ಕಾಗಿ ಆದುದಲ್ಲ. ಪ್ರತೀಕಾರವಿಲ್ಲದ ತಿತಿಕ್ಷೆಯಾದರೋ, ಸರ್ವವನ್ನೂ ಬಿಟ್ಟ ಮುಮುಕ್ಷುವಿಗೆ ವಿಹಿತವಾದ ಸಾಧನವು. ಹೆಂಡತಿ ಮಕ್ಕಳು, ವೃದ್ಧ ತಾಯಿತಂದೆಗಳು, ಒಪ್ಪಿಕೊಂಡ ಉದ್ಯೋಗ ಇವುಗಳ ಭಾರವನ್ನು ಹೊತ್ತವನು ಸನ್ಯಾಸಿಯ ಸಾಧನವನ್ನು ಎರವಲು ತಂದು ಮೈಮರೆತರೆ ಅದು ಅಧಿಕಾರಭೇದವನ್ನು ಅರಿಯದ ಆಚರಣೆಯಾಗುವುದು. ಕುಮಾರಸಂಭವದ ಐದನೆಯ ಸರ್ಗದಲ್ಲಿ ಉಗ್ರತಪಸ್ಸಿನಲ್ಲಿದ್ದ ಪಾರ್ವತಿಯ ಮುಂದೆ ಬ್ರಹ್ಮಚಾರಿಯ ವೇಷದಿಂದ ಬಂದ ಶಿವನು, ಧರ್ಮಕ್ಕೆ ದೇಹವೇ ಮೊದಲ ಸಾಧನವೆಂದು ಎಚ್ಚರಿಸಿ ಅವಳ ಶಕ್ತಿಯನ್ನು ಕುರಿತು ಕೇಳುವನು. ತಪಸ್ವಿನಿಗೇ ಆ ಪ್ರಶ್ನೆಯು ಸಲ್ಲುವುದಾದರೆ ಗೃಹಸ್ಥನಿಗೆ ಹೇಳತಕ್ಕದ್ದೇನು? ಪ್ರಾರಬ್ಧದ ಮಾತಿಗೂ ಉತ್ತರವುಂಟು. ನೋವು ಪ್ರಾರಬ್ಧದಿಂದ ಬಂದಿತೆಂದು ಒಪ್ಪಿದರೆ, ಅದೇ ನಗರದಲ್ಲಿ ಆ ನೋವನ್ನು ಬಲ್ಲ ವೈದ್ಯನಿರುವುದೂ ಪ್ರಾರಬ್ಧದಿಂದಲೇ ಎಂದು ಒಪ್ಪಬೇಕು. ಒಂದನ್ನು ಸ್ವೀಕರಿಸಿ ಮತ್ತೊಂದನ್ನು ತಿರಸ್ಕರಿಸುವುದು ಯುಕ್ತಿಯುಕ್ತವಲ್ಲ.

ಇದಕ್ಕಿಂತಲೂ ಮುಖ್ಯವಾದ ಅಂಶವೊಂದು ಚರಕಸಂಹಿತೆಯಲ್ಲಿ ದೊರೆಯುವುದು. ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ನಾಲ್ಕು ಪಾದಗಳನ್ನು ಹೇಳಿ, ರೋಗಿಯಲ್ಲಿರಬೇಕಾದ ಗುಣಗಳಲ್ಲಿ ಸ್ಮೃತಿಯನ್ನೂ ನಿರ್ಭಯತೆಯನ್ನೂ ಸೇರಿಸಿ, ಜ್ಞಾಪಕತ್ವವನ್ನೂ ಅಲ್ಲಿ ಎಣಿಸಿದೆ. ಜ್ಞಾಪಕತ್ವವೆಂದರೆ ತನ್ನ ರೋಗವನ್ನು ಇತರರಿಗೆ ತಿಳಿಯುವಂತೆ ಹೇಳಬಲ್ಲ ಸಾಮರ್ಥ್ಯವು. ಹಾಗಾದರೆ ನೋವನ್ನು ಹೇಳುವುದು ರೋಗಿಯ ದೋಷವಲ್ಲ, ಗುಣವು. ಗೋಳಾಟವು ಬೇರೆ, ನಿವೇದನೆಯು ಬೇರೆ. ಗೋಳಾಟದಲ್ಲಿ ಶಬ್ದವು ಹೆಚ್ಚು, ಅರ್ಥವು ಕಡಿಮೆ. ನಿವೇದನೆಯಲ್ಲಿ ಯಾವ ಗಂಟೆಗೆ ಬಂದಿತು, ಎಷ್ಟು ಹೊತ್ತು ಇತ್ತು, ಯಾವ ಕಣ್ಣು, ಕುಳಿತಿರಲು ಆಯಿತೋ ಇಲ್ಲವೋ ಎಂಬ ವಿವರವಿರುವುದು. ನಾಗರಬಾವಿಯ ಗೃಹಸ್ಥನ ಪತ್ನಿಯು ಲೆಕ್ಕದ ಪುಸ್ತಕದ ಕೊನೆಯ ಹಾಳೆಗಳಲ್ಲಿ ಒಂದು ತಿಂಗಳ ಕಾಲ ಇಷ್ಟನ್ನು ಬರೆದಿಟ್ಟಳೆನ್ನೋಣ. ನಗರದ ಮತ್ತೊಂದು ಮಗ್ಗುಲಿನಲ್ಲಿ, ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್ ಸಂಸ್ಥೆಯು 1974ರಲ್ಲಿ ಈಗಿನ ರೂಪವನ್ನು ತಾಳಿದುದು. ಅಂಥಲ್ಲಿಯ ನರರೋಗವೈದ್ಯನ ಮುಂದೆ ಆ ಹಾಳೆಗಳನ್ನಿಟ್ಟರೆ, ಅಲೆದಾಟದ ವರ್ಷಗಳು ಹೇಳದ ವಿಷಯವನ್ನು ಅವು ಹೇಳುವುವು. ಏಕೆಂದರೆ ಈ ವ್ಯಾಧಿಯನ್ನು ಮುಖ್ಯವಾಗಿ ರೋಗಿಯ ಮಾತಿನಿಂದಲೇ ಗುರುತಿಸತಕ್ಕದ್ದು. ಯಂತ್ರಪರೀಕ್ಷೆಯು ಬೇರೆ ಕಾರಣಗಳಿಲ್ಲವೆಂಬುದನ್ನು ನಿಶ್ಚಯಿಸುವುದಕ್ಕಾಗಿ ಇರುವುದು.

ಉಪಾಯಗಳೂ ಇಲ್ಲದಿಲ್ಲ. ಬಾಧೆಯು ಎದ್ದಾಗ ಶುದ್ಧವಾದ ಆಮ್ಲಜನಕವನ್ನು ಮುಖವಾಡದ ಮೂಲಕ ನಿಮಿಷಕ್ಕೆ 12 ಲೀಟರಿನಂತೆ 15 ನಿಮಿಷ ಸೇವಿಸುವುದು ಅವುಗಳಲ್ಲಿ ಶ್ರೇಷ್ಠವಾದುದು. 2009ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಆಮ್ಲಜನಕದಿಂದ ನೂರಕ್ಕೆ 78ರಷ್ಟು ಬಾಧೆಗಳು 15 ನಿಮಿಷದೊಳಗೆ ಶಮನ ಹೊಂದಿದುವು. ಬರಿಯ ಗಾಳಿಯಿಂದ ನೂರಕ್ಕೆ 20 ಮಾತ್ರ. ಸುಮಾಟ್ರಿಪ್ಟಾನ್ ಎಂಬ ಔಷಧದ 6 ಮಿಲಿಗ್ರಾಂ ಚುಚ್ಚುಮದ್ದೂ ಶೀಘ್ರಫಲವನ್ನು ಕೊಡುವುದು. ಹೃದ್ರೋಗವಿರುವವರಿಗೆ ಅದು ವರ್ಜ್ಯವು. ಸಾಮಾನ್ಯವಾದ ನೋವಿನ ಮಾತ್ರೆಯು ಹೊಟ್ಟೆಯಲ್ಲಿ ಕರಗಿ ಫಲಿಸುವಷ್ಟರಲ್ಲಿ ಬಾಧೆಯೇ ಮುಗಿದಿರುವುದರಿಂದ ಹಿರಿಯರ ಮಾತ್ರೆಯ ಉಪದೇಶವು ವ್ಯರ್ಥವಾಯಿತು. ಬಾಧೆಗಳು ಬಾರದಂತೆ ತಡೆಯುವುದಕ್ಕೆ ವೆರಪಮಿಲ್ ಎಂಬ ಮಾತ್ರೆಯನ್ನು ಕೊಡುವರು. ಅದು ಹೃದಯದ ಗತಿಯನ್ನು ಮಂದಗೊಳಿಸಬಹುದಾದುದರಿಂದ ನಡುನಡುವೆ ಇ.ಸಿ.ಜಿ. ಪರೀಕ್ಷೆಯಾಗಬೇಕು. ಇವೆಲ್ಲವೂ ವೈದ್ಯನ ಕಣ್ಣಳತೆಯಲ್ಲಿಯೇ ನಡೆಯತಕ್ಕವು. ಬಾಧೆಯ ಕಾಲದಲ್ಲಿ ಮದ್ಯವನ್ನು ಮುಟ್ಟಬಾರದು. ಸಿಲಿಂಡರನ್ನು ತೆರೆಯುವ ಕೋಣೆಯಲ್ಲಿ ದೇವರ ದೀಪವನ್ನಾಗಲಿ ಊದುಬತ್ತಿಯನ್ನಾಗಲಿ ಹಚ್ಚಿಡಬಾರದು. ಆಮ್ಲಜನಕವು ಬೆಂಕಿಯನ್ನು ಉರಿಸುವಂತಹುದು.

ಆದರೆ ಈ ಉಪಾಯಗಳಿಂದ ರೋಗವು ನಿರ್ಮೂಲವಾಗುವುದೆ? ಇಲ್ಲ. ಇಂದು ಶಮನವಾದುದು ನಾಳೆ ಬರುವುದು. ಸಾಂಖ್ಯಕಾರಿಕೆಯನ್ನು ರಚಿಸಿದ ಈಶ್ವರಕೃಷ್ಣನು ದುಃಖದ ಪೆಟ್ಟಿನಿಂದಲೇ ಅದನ್ನು ಕಳೆಯುವ ಜಿಜ್ಞಾಸೆಯು ಹುಟ್ಟುವುದೆಂದು ಆರಂಭಿಸಿ, ಕಣ್ಣಿಗೆ ಕಾಣುವ ಉಪಾಯಗಳು ನಿಶ್ಚಿತವೂ ಅಲ್ಲ, ಶಾಶ್ವತವೂ ಅಲ್ಲವೆಂದು ತೋರಿಸಿರುವನು. ಅದು ಸತ್ಯವೇ. ಆದರೆ ಶಾಶ್ವತವಲ್ಲದ್ದು ನಿಷ್ಫಲವೆಂದು ಅವನು ಹೇಳಲಿಲ್ಲ. ಅನ್ನವು ಹಸಿವನ್ನು ಶಾಶ್ವತವಾಗಿ ಕಳೆಯಲಾರದು. ಆದರೂ ಮಧ್ಯಾಹ್ನದ ಊಟವನ್ನು ಯಾರೂ ಹಳಿಯಲಾರರು. ಒಂದು ಗಂಟೆಯ ನರಕವು ಕಾಲು ಗಂಟೆಗೆ ಇಳಿದರೆ, ಉಳಿದ ಮುಕ್ಕಾಲು ಗಂಟೆಯು ಒಬ್ಬ ಮನುಷ್ಯನಿಗೆ ಮರಳಿ ದೊರೆತಂತಾಯಿತು. ತಿತಿಕ್ಷೆಗೆ ನಿಜವಾದ ಸ್ಥಾನವೂ ಇಲ್ಲಿಯೇ ಇರುವುದು. ಎಲ್ಲ ಪ್ರಯತ್ನವೂ ನಡೆದ ಮೇಲೆ ಉಳಿಯುವ ಕಾಲು ಗಂಟೆಯನ್ನು, ಒಂದು ಔಷಧವು ಫಲಿಸದೆ ಮತ್ತೊಂದನ್ನು ಪರೀಕ್ಷಿಸುವ ತಿಂಗಳುಗಳನ್ನು, ಮನೆಯವರ ಮೇಲೆ ಸಿಡುಕದೆ ದಾಟುವುದೇ ಸಹನೆಯು. ಪ್ರಯತ್ನದ ಬದಲಿಗೆ ಬರುವ ಸಹನೆಯು ಜಡತೆ. ಪ್ರಯತ್ನದ ಜೊತೆಗೆ ನಿಲ್ಲುವ ಸಹನೆಯು ಧೈರ್ಯ.

ಇಲ್ಲಿ ಮತ್ತೊಂದು ಸೂಕ್ಷ್ಮವಾದ ಧರ್ಮವಿಚಾರವು ಏಳುವುದು. 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಕೋವಿಡ್ ವ್ಯಾಧಿಯಿಂದ ಬೆಂಗಳೂರಿನಲ್ಲಿ ಆಮ್ಲಜನಕಕ್ಕೆ ಹಾಹಾಕಾರವುಂಟಾಗಿತ್ತು. ಆಗ ಈ ಗೃಹಸ್ಥನ ಮನೆಯಲ್ಲಿ ತುಂಬಿದ ಸಿಲಿಂಡರೊಂದು ಇದ್ದು, ನೆರೆಮನೆಯವನಿಗೆ ಉಸಿರು ಸಾಲದೆ ಹೋಗಿದ್ದರೆ ಏನು ಮಾಡತಕ್ಕದ್ದಾಗಿತ್ತು? ನೋವು ಎಷ್ಟು ಘೋರವಾದರೂ ಪ್ರಾಣವನ್ನು ನೇರವಾಗಿ ತೆಗೆಯದು. ಉಸಿರಿನ ಅಭಾವವು ತೆಗೆಯುವುದು. ಆದುದರಿಂದ ಕೊಡುವುದೇ ಧರ್ಮವು. ಆದರೆ ಕೊಟ್ಟವನು ಕೊಟ್ಟದ್ದು ತನ್ನ ರಾತ್ರಿಗಳನ್ನು ಎಂಬುದನ್ನು ಪಡೆದವನು ತಿಳಿದಿರಬೇಕು. “ಅವನಿಗೇನು, ತಲೆನೋವಿಗೆ ಇಟ್ಟುಕೊಂಡಿದ್ದ” ಎಂದು ಹಗುರವಾಗಿ ಆಡಿದರೆ ಆ ದಾನದ ಬೆಲೆಯನ್ನೇ ಕಳೆದಂತಾಗುವುದು. ಪರರ ವೇದನೆಯನ್ನು ತೂಗುವ ತಕ್ಕಡಿಯು ಯಾರ ಕೈಯಲ್ಲಿಯೂ ಇಲ್ಲ. ಅದನ್ನು ನಂಬುವುದೊಂದೇ ಸಾಧ್ಯವಾದುದು.

ಈ ನಂಬಿಕೆಯೇ ಮನೆಯವರ ಮೊದಲ ಕರ್ತವ್ಯವು. ಚರಕನ ನಾಲ್ಕು ಪಾದಗಳಲ್ಲಿ ಪರಿಚಾರಕನಾದವನಿಗೆ ಅನುರಾಗವೂ ವಿಧಿಸಲ್ಪಟ್ಟಿದೆ. ಚಿರಕಾಲ ಈ ಬಾಧೆಗೆ ಸಿಕ್ಕಿದವರಲ್ಲಿ ಕೆಲವರಿಗೆ ಬದುಕೇ ಬೇಡವೆಂಬ ಭಾವನೆಯು ಬರುವುದುಂಟು. ಅಂತಹ ಮಾತು ಕಿವಿಗೆ ಬಿದ್ದೊಡನೆ ಗದರಿಸದೆ, ಹತ್ತಿರ ಕುಳಿತು ಕೇಳಬೇಕು. ಅವರನ್ನು ಒಂಟಿಯಾಗಿ ಬಿಡದೆ ವೈದ್ಯನಿಗೂ ತಿಳಿಸಬೇಕು. 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಟೆಲಿ ಮಾನಸ್ ಸೇವೆಯು 14416 ಎಂಬ ದೂರವಾಣಿ ಸಂಖ್ಯೆಯಲ್ಲಿ ಹಗಲಿರುಳೂ ದೊರೆಯುವುದು.

ನಡುರಾತ್ರಿಯಲ್ಲಿ ಪಡಸಾಲೆಯ ದೀಪವು ಉರಿದಾಗ ಎದ್ದು ಬಂದು, ಮಾತನಾಡದೆ ಮುಖವಾಡವನ್ನು ಸರಿಪಡಿಸಿ, ಗಡಿಯಾರವನ್ನು ನೋಡಿ ವೇಳೆಯನ್ನು ಬರೆದಿಡುವ ಒಬ್ಬರಿದ್ದರೆ ರೋಗಿಯ ಭಾರವು ಅರ್ಧವಾಗುವುದು. ನೋವು ಅವನ ತಲೆಯಲ್ಲಿಯೇ ಇರುವುದು ನಿಜ. ಆದರೆ ಅದನ್ನು ಅವನೊಬ್ಬನೇ ಸಹಿಸಬೇಕೆಂಬ ನಿಯಮವನ್ನು ಯಾವ ಶಾಸ್ತ್ರವೂ ಮಾಡಿಲ್ಲ.