ಗಾಯಗೊಂಡ ಮೈಯ ಕರಾರು

ಆಟಗಾರನು ಯಾವಾಗ ಆಟವನ್ನು ಬಿಡಬೇಕು ಎಂಬ ಪ್ರಶ್ನೆಯನ್ನು ನಾವು ಆಟಗಾರನಿಗೇ ಕೇಳುವುದು ರೂಢಿ. ಗಾಯಗೊಂಡವನು ಅವನು, ನೋವು ಅವನದು, ಆದುದರಿಂದ ನಿರ್ಧಾರವೂ ಅವನದೇ ಎಂಬುದು ಮೇಲ್ನೋಟಕ್ಕೆ ನ್ಯಾಯವಾಗಿಯೇ ತೋರುತ್ತದೆ. ಬಿಟ್ಟರೆ ಯೋಗ್ಯ ಕಾಲದಲ್ಲಿ ಬಿಟ್ಟನೆಂದು ಹೊಗಳುತ್ತೇವೆ. ಬಿಡದಿದ್ದರೆ ದುಡ್ಡಿನಾಸೆ ಹೋಗಲಿಲ್ಲವೆಂದು ಆಡಿಕೊಳ್ಳುತ್ತೇವೆ. ಈ ಹೊಗಳಿಕೆ ತೆಗಳಿಕೆಗಳ ಹಿಂದೆ ಇನ್ನೊಂದು ಪ್ರಶ್ನೆ ಅಡಗಿ ಕುಳಿತಿದೆ. ಆಟ ಬಿಟ್ಟ ಮರುದಿನ ಅವನ ಮನೆಯ ಒಲೆ ಯಾವುದರಿಂದ ಉರಿಯಬೇಕು? ಇದಕ್ಕೆ ಉತ್ತರ ದೊರೆಯುವ ಮುನ್ನ ಮೊದಲಿನ ಪ್ರಶ್ನೆಯನ್ನು ಕೇಳುವ ಅಧಿಕಾರ ನಮಗುಂಟೇ ಎಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇವೆ. ಕುಸ್ತಿಯ ಕೆಂಪು ಮಣ್ಣಿನ ವಾಸನೆ ಬಲ್ಲ ಉಮರಗಾ, ನಿಲಂಗಾ, ಉದಗೀರ ಸೀಮೆಯ ಓದುಗರಿಗೆ ಈ ವಿಚಾರ ದೂರದ್ದೆನಿಸಲಾರದು.

ಎಲ್ಲರೂ ಬಲ್ಲ ಉದಾಹರಣೆಯೊಂದರಿಂದ ಆರಂಭಿಸೋಣ. 2008ರ ಅಕ್ಟೋಬರ್ ಕೊನೆಯಲ್ಲಿ ದಿಲ್ಲಿಯ ಕೋಟ್ಲಾ ಮೈದಾನದಲ್ಲಿ ಆಸ್ಟ್ರೇಲಿಯಾದ ವಿರುದ್ಧ ಟೆಸ್ಟ್ ಪಂದ್ಯ ನಡೆದಿತ್ತು. ಮೂರನೆಯ ದಿನ ಭಾರತ ತಂಡದ ನಾಯಕರಾದ ಅನಿಲ್ ಕುಂಬ್ಳೆಯವರು ಕ್ಯಾಚ್ ಹಿಡಿಯಲು ಹೋಗಿ ಎಡಗೈಯ ಕಿರುಬೆರಳಿಗೆ ಗಾಯ ಮಾಡಿಕೊಂಡರು. 11 ಹೊಲಿಗೆ ಬಿದ್ದವು. ಮರುದಿನ ಆ ಕೈಗೆ ಪಟ್ಟಿ ಸುತ್ತಿಕೊಂಡೇ ಮರಳಿ ಬಂದು, ಬೌಲಿಂಗ್ ಮಾಡಿ, ಮೂರು ವಿಕೆಟ್ ಪಡೆದರು. ನವೆಂಬರ್ 2ರಂದು, ಪಂದ್ಯದ ಕೊನೆಯ ದಿನ, ನಿವೃತ್ತಿಯನ್ನು ಸಾರಿದರು. 132 ಟೆಸ್ಟ್, 619 ವಿಕೆಟ್. 1999ರಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಇನಿಂಗ್ಸಿನ ಹತ್ತೂ ವಿಕೆಟ್‌ಗಳನ್ನು ಅವರು ಕಿತ್ತದ್ದು ಅದೇ ಮೈದಾನದಲ್ಲಿ. 2002ರಲ್ಲಿ ಆಂಟಿಗಾದಲ್ಲಿ ದವಡೆ ಮುರಿದಾಗಲೂ ತಲೆಯ ಸುತ್ತ ಬಟ್ಟೆ ಬಿಗಿದುಕೊಂಡು 14 ಓವರ್ ಹಾಕಿ ಲಾರಾನನ್ನು ಔಟ್ ಮಾಡಿದವರು ಅವರೇ.

ಈ ಕಥೆಯನ್ನು ನಾವು ಮಕ್ಕಳಿಗೆ ಛಲದ ಪಾಠವಾಗಿ ಹೇಳುತ್ತೇವೆ. ಹೇಳತಕ್ಕದ್ದೇ. ಆದರೆ ಅದರ ಮುಂದಿನ ಭಾಗವನ್ನು ಹೇಳುವುದು ಕಡಿಮೆ. ಟೆಸ್ಟ್ ಆಟವನ್ನು ಬಿಟ್ಟ ಕುಂಬ್ಳೆಯವರು ಬೆಂಗಳೂರಿನ ಐಪಿಎಲ್ ತಂಡದೊಡನೆ ಇದ್ದ ಕರಾರನ್ನು ಬಿಡಲಿಲ್ಲ. 2009ರಲ್ಲಿ ಆ ತಂಡವನ್ನು ಮುನ್ನಡೆಸಿ, ದಕ್ಷಿಣ ಆಫ್ರಿಕದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ 16 ರನ್ನಿಗೆ 4 ವಿಕೆಟ್ ಪಡೆದರು. ಐದು ದಿನದ ಆಟಕ್ಕೆ ಒಲ್ಲೆನೆಂದ ಮೈ ನಾಲ್ಕು ಓವರಿನ ಆಟಕ್ಕೆ ಒಲ್ಲೆನೆನ್ನಲಿಲ್ಲ. ಅಂದರೆ ನಿವೃತ್ತಿ ಎಂಬುದು ಬಾಗಿಲು ಮುಚ್ಚಿದಂತೆ ಒಮ್ಮೆಲೇ ಆಗುವ ಕ್ರಿಯೆಯಾಗಬೇಕಾಗಿಲ್ಲ. ಮೈಗೆ ತಕ್ಕ ಹೊರೆ ದೊರೆತರೆ ಮೈ ಇನ್ನಷ್ಟು ದೂರ ನಡೆದೀತು. ಇಷ್ಟು ಸಮಾಧಾನದಿಂದ ಇಳಿಯುವುದಕ್ಕೆ ಕುಂಬ್ಳೆಯವರಿಗೆ ಮೆಟ್ಟಿಲುಗಳಿದ್ದವು. ಕೈಯಲ್ಲಿ ಇಂಜಿನಿಯರಿಂಗ್ ಪದವಿಯಿತ್ತು, ಹೆಸರಿತ್ತು, ಮುಂದಿನ ಕರಾರೂ ಇತ್ತು. ಇದರಿಂದ ಅವರ ಧೈರ್ಯ ಕಿರಿದಾಗುವುದಿಲ್ಲ. ಆದರೆ ಮೆಟ್ಟಿಲಿಲ್ಲದವನು ಇಳಿಯಲು ಹೆದರಿದರೆ ಅವನನ್ನು ಹೇಡಿಯೆನ್ನುವುದು ಹೇಗೆ?

ಹತ್ತಿರದ ಇನ್ನೊಂದು ಉದಾಹರಣೆ ಕೆ.ಎಲ್. ರಾಹುಲ್ ಅವರದು. 2023ರ ಮೇ 1ರಂದು ಲಖನೌದಲ್ಲಿ ಫೀಲ್ಡಿಂಗ್ ಮಾಡುವಾಗ ಅವರ ತೊಡೆಗೆ ಪೆಟ್ಟಾಯಿತು. ಶಸ್ತ್ರಚಿಕಿತ್ಸೆ ಆಯಿತು, ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಆರೈಕೆ ಆಯಿತು, ಸೆಪ್ಟೆಂಬರಿನಲ್ಲಿ ಮರಳಿ ಬಂದು ಪಾಕಿಸ್ತಾನದ ವಿರುದ್ಧ ಶತಕ ಹೊಡೆದರು. ಈ ನಾಲ್ಕು ತಿಂಗಳ ಬಗ್ಗೆ ಯೋಚಿಸಿರಿ. ಮಾಯುವುದಕ್ಕೆ ಬೇಕಾದದ್ದು ಔಷಧವಷ್ಟೇ ಆಗಿರಲಿಲ್ಲ, ಕಾಲವೂ ಆಗಿತ್ತು. ಆ ಕಾಲವನ್ನು ಅವರಿಗೆ ಕೊಟ್ಟದ್ದು ಅವರ ಕರಾರು.

ಈಗ ನಮ್ಮ ಕಡೆಗೆ ಬರೋಣ. ನಮ್ಮ ಜಾತ್ರೆಯ ಕುಸ್ತಿಗೆ ಕಾಗದದ ಕರಾರಿಲ್ಲ. ಹಲಗೆಯ ಸದ್ದಿನೊಡನೆ ಚಿಕ್ಕ ಹುಡುಗರ ತೆಂಗಿನಕಾಯಿ ಕುಸ್ತಿಯಿಂದ ಆರಂಭವಾಗಿ, ಹೊತ್ತು ಇಳಿಯುವಾಗ ದೊಡ್ಡ ಇನಾಮಿನ ಕೊನೆಯ ಕುಸ್ತಿಗೆ ಬಂದು ನಿಲ್ಲುತ್ತದೆ. ಸೊಲ್ಲಾಪುರ, ಕಲಬುರಗಿ, ಬಿದರ ಕಡೆಯ ಪೈಲವಾನರೂ ಬರುತ್ತಾರೆ. ಗೆದ್ದವನ ಕೈಗೆ ಅಖಾಡದಲ್ಲಿಯೇ ರೊಕ್ಕ ಬೀಳುತ್ತದೆ. ಹೆಗಲ ಎಲುಬು ಮುರಿದವನಿಗೆ ಏನು? ಯಾರೋ ಪುಣ್ಯಾತ್ಮರು ಟವಲು ಹಿಡಿದು ಜನರ ನಡುವೆ ಸುತ್ತುತ್ತಾರೆ, ಹತ್ತು ಇಪ್ಪತ್ತರ ನೋಟುಗಳು ಬೀಳುತ್ತವೆ. ಆ ಸಂಜೆಗೆ ಅದು ದೊಡ್ಡ ಮನಸ್ಸೇ ಸರಿ. ಆದರೆ ಎಲುಬು ಕೂಡಲು ತಿಂಗಳುಗಳು ಬೇಕು, ಟವಲಿನ ರೊಕ್ಕ ವಾರದಲ್ಲಿ ತೀರುತ್ತದೆ. ಪೈಲವಾನನ ಖುರಾಕು ಮನೆಯ ಉಳಿದವರ ಊಟದಂತಲ್ಲ. ಹಾಲು, ತುಪ್ಪ, ಬದಾಮಿಗಾಗಿ ಎಮ್ಮೆ ಕಟ್ಟಿದ ತಂದೆ, ಹೊಲದ ತುಂಡನ್ನು ಒತ್ತೆಯಿಟ್ಟ ಅಣ್ಣ ನಮ್ಮ ಹಳ್ಳಿಗಳಲ್ಲಿ ಅಪರೂಪವಲ್ಲ. ಇಷ್ಟೆಲ್ಲ ಹೊರೆ ಹೊತ್ತ ಮೈಗೆ ‘ಸಾಕು, ಬಿಡು’ ಎಂದು ಹೇಳುವುದು ಸುಲಭವೇ? ಆದುದರಿಂದಲೇ ಹುಡುಗ ನೋವನ್ನು ಮುಚ್ಚಿಡುತ್ತಾನೆ. ಮೊಣಕಾಲಿಗೆ ಬಟ್ಟೆ ಬಿಗಿದು ಮುಂದಿನ ಜಾತ್ರೆಗೆ ಹೋಗುತ್ತಾನೆ. ಅವನು ಕುಸ್ತಿ ಆಡಬಹುದೇ ಎಂದು ಹೇಳಬೇಕಾದ ವಸ್ತಾದರಿಗೂ ತಾಲೀಮಿನ ಹೆಸರಿನ ಚಿಂತೆಯಿರುತ್ತದೆ. ವಸ್ತಾದರ ಪ್ರೀತಿಯನ್ನು ನಾವು ಶಂಕಿಸುವುದಿಲ್ಲ. ಪ್ರೀತಿಯಿದ್ದವರೂ ತಪ್ಪು ಪಂಚರಾಗಬಲ್ಲರು ಎಂದಷ್ಟೇ ಹೇಳುತ್ತೇವೆ.

ಮಹಾರಾಷ್ಟ್ರದ ಮಣ್ಣಿನಲ್ಲಿ ಈ ಮಾತಿಗೆ ಖಾಶಾಬಾ ಜಾಧವರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಕರಾಡದ ಹತ್ತಿರದ ಗೋಳೇಶ್ವರದ ಈ ಪೈಲವಾನರು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚಿನ ಪದಕ ಗೆದ್ದರು. ಸ್ವತಂತ್ರ ಭಾರತಕ್ಕೆ ದೊರೆತ ಮೊದಲ ವೈಯಕ್ತಿಕ ಪದಕವದು. ಹೋಗುವುದಕ್ಕೆ ಹಣವಿರಲಿಲ್ಲ. ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಚಾರ್ಯ ಖರ್ಡೇಕರರು ತಮ್ಮ ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿ ಕೊಟ್ಟರು. ಗೆದ್ದು ಬಂದಾಗ ಊರೇ ಎತ್ತಿನ ಗಾಡಿ ಕಟ್ಟಿ ಎದುರುಗೊಂಡಿತು. ಮುಂದೆ ಪೊಲೀಸ್ ಇಲಾಖೆ ಸೇರಿದರು. ಮೊಣಕಾಲಿನ ಗಾಯ 1956ರ ಒಲಿಂಪಿಕ್ಸ್ ಕನಸನ್ನು ಕಸಿಯಿತು. ಕೊನೆಗಾಲದಲ್ಲಿ ನಿವೃತ್ತಿವೇತನಕ್ಕಾಗಿ ಅಲೆಯಬೇಕಾಯಿತು. 1984ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು ಅವರು ಹೋದ ಎಷ್ಟೋ ವರ್ಷಗಳ ಮೇಲೆ. ಕಳಿಸುವಾಗ ಒಬ್ಬ ಮೇಷ್ಟ್ರು ಮನೆ ಒತ್ತೆಯಿಟ್ಟರು; ಕಾಲು ಸೋತ ಮೇಲೆ ಒತ್ತೆಯಿಡಲು ಯಾರೂ ಇರಲಿಲ್ಲ. ಮೆರವಣಿಗೆಗೆ ಬಂದ ಗಾಡಿಗಳ ಲೆಕ್ಕ ಊರಿಗೆ ನೆನಪಿರುತ್ತದೆ. ಆಮೇಲಿನ ವರ್ಷಗಳ ಲೆಕ್ಕವನ್ನು ಯಾರೂ ಇಟ್ಟುಕೊಳ್ಳುವುದಿಲ್ಲ.

ಕಾಗದದ ಕರಾರು ಇದ್ದ ಕಡೆ ಎಲ್ಲವೂ ನೆಟ್ಟಗಿದೆ ಎಂದೂ ತಿಳಿಯಬಾರದು. ಆಸ್ಟ್ರೇಲಿಯಾದಲ್ಲಿ ರಗ್ಬಿ ಲೀಗ್ ಎಂಬ ಆಟವಿದೆ. ಚೆಂಡು ಹಿಡಿದು ಓಡುವವನನ್ನು ಎದುರಾಳಿಗಳು ಮೈಮೇಲೆ ಬಿದ್ದು ಕೆಡಹುವ ಆಟ, ನಮ್ಮ ಕಬಡ್ಡಿಯನ್ನೂ ಕುಸ್ತಿಯನ್ನೂ ಕೂಡಿಸಿದಂತೆ. ಅಲ್ಲಿಯ ಸೌತ್ ಸಿಡ್ನಿ ತಂಡದ ಸ್ಯಾಮ್ ಬರ್ಜೆಸ್ ಎಂಬ ಆಟಗಾರ 2014ರ ಅಂತಿಮ ಪಂದ್ಯವನ್ನು ಕೆನ್ನೆಯ ಎಲುಬು ಮುರಿದುಕೊಂಡೇ ಆಡಿ ಗೆದ್ದ. 2019ರಲ್ಲಿ ಹೆಗಲು ಕೈಕೊಟ್ಟಿತು. ಕರಾರಿನಲ್ಲಿ ಇನ್ನೂ ವರ್ಷಗಳು ಉಳಿದಿದ್ದಾಗಲೇ ಅವನು ನಿವೃತ್ತನಾದ. ಆ ಲೀಗಿನಲ್ಲಿ ಪ್ರತಿ ತಂಡವೂ ಸಂಬಳಕ್ಕೆ ಇಂತಿಷ್ಟೇ ಖರ್ಚು ಮಾಡಬೇಕೆಂಬ ಮಿತಿಯಿದೆ. ಆಟಗಾರ ಗಾಯದಿಂದಲೇ ಬಿಟ್ಟನೆಂದು ಆಡಳಿತ ಒಪ್ಪಿದರೆ ಉಳಿದ ಸಂಬಳವನ್ನು ಮಿತಿಯ ಲೆಕ್ಕದಿಂದ ಹೊರಗಿಡಬಹುದು. ಹಾಗಾಗಿ ಒಬ್ಬ ಮನುಷ್ಯನ ಹೆಗಲು ಎಷ್ಟು ಕೆಟ್ಟಿದೆ ಎಂಬುದು ತಂಡದ ಜಮಾಖರ್ಚಿನ ಪ್ರಶ್ನೆಯೂ ಆಯಿತು. ಪುಣ್ಯಕ್ಕೆ ಅಲ್ಲಿ ಮೈಯನ್ನು ಪರೀಕ್ಷಿಸಲು ತಂಡದ ಸಂಬಳ ತಿನ್ನದ ವೈದ್ಯರನ್ನು ಕರೆಯುವ ಪದ್ಧತಿಯಿದೆ. ನಮ್ಮ ಕಬಡ್ಡಿ ಲೀಗಿಗೂ ಜಾತ್ರೆಯ ಕುಸ್ತಿಗೂ ಅಲ್ಲಿಂದ ಕಲಿಯತಕ್ಕದ್ದು ಇದೊಂದೇ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ, ಅದು ಹಗುರವಾದುದಲ್ಲ. ಗಾಯವಾಗಬಹುದೆಂದು ತಿಳಿದೇ ಕಣಕ್ಕೆ ಇಳಿದನಲ್ಲ? ಆಡಿದಷ್ಟಕ್ಕೆ ಹಣ ಎಂಬುದು ಒಪ್ಪಂದ. ಆಡದೆ ಕುಳಿತು ಹಣ ಪಡೆಯುವುದು ಕಾಯಕಧರ್ಮಕ್ಕೆ ಸಲ್ಲುತ್ತದೆಯೇ? ಕಲ್ಯಾಣ ನಮಗೆ ಒಂದು ಹಗಲಿನ ದಾರಿಯೂ ಅಲ್ಲ. ಕಾಯಕವನ್ನು ಕೈಲಾಸಕ್ಕೆ ಸಮನೆಂದ ಶರಣರ ನೆರೆಯಲ್ಲಿ ಬದುಕುವ ನಾವು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿ ಕಳಿಸಿದಳೆಂಬ ಕಥೆ ಮನೆಮನೆಯದು. ಗಾಯಗೊಂಡ ಆಟಗಾರನ ಕೈಗೆ ಬರುವ ಹಣ ಆ ಹೆಚ್ಚಿನ ಅಕ್ಕಿಯೇ?

ಅಲ್ಲವೆಂದು ನಮ್ಮ ತಿಳಿವಳಿಕೆ. ಅಂಗಳದ ಅಕ್ಕಿಯನ್ನು ಆಯುವಾಗ ಮಾರಯ್ಯನ ಬೆನ್ನು ಬಾಗಿತು, ಮರುದಿನ ನೆಟ್ಟಗಾಯಿತು. ಆಟಗಾರನ ಬೆನ್ನು ನೆಟ್ಟಗಾಗುವುದಿಲ್ಲ. ಅವನು ಮಾರಿದ್ದು ಆ ದಿನದ ದುಡಿಮೆಯನ್ನಷ್ಟೇ ಎಂದು ಕಾಗದ ಹೇಳುತ್ತದೆ. ಆದರೆ ಕೊಂಡವರಿಗೆ ಸಂದದ್ದು ಅವನ ಮುಂದಿನ ಮೂವತ್ತು ವರ್ಷದ ಮೊಣಕಾಲು. ಗಾಯವು ಕಾಯಕದ ಹೊರಗೆ ಆದದ್ದಲ್ಲ, ಕಾಯಕದ ಒಳಗೇ ಆದದ್ದು. ಆದುದರಿಂದ ಗಾಯದ ಕಾಲದ ಕೂಲಿ ಆಗಲೇ ಮಾಡಿ ಮುಗಿಸಿದ ಕೆಲಸದ ಬಾಕಿ. ಲಕ್ಕಮ್ಮ ಬೇಡವೆಂದದ್ದು ದುಡಿಯದ ಅಕ್ಕಿಯನ್ನು. ದುಡಿದ ಅಕ್ಕಿಯ ಬಾಕಿಯನ್ನು ಅವಳು ಬಿಟ್ಟುಕೊಡುತ್ತಿದ್ದಳೆಂದು ನಮಗೆ ತೋರುವುದಿಲ್ಲ. ಆದರೆ ಗಾಯವನ್ನು ಮುಚ್ಚಿಟ್ಟು ಹೊಸ ಕರಾರಿಗೆ ಸಹಿ ಹಾಕುವವನ ಮಾತು ಬೇರೆ. ಅದು ಮೋಸ. ಆ ಮೋಸಕ್ಕೆ ದೂಡಿದ್ದು ಹಸಿವು ಎಂದ ಮಾತ್ರಕ್ಕೆ ಮೋಸವು ಧರ್ಮವಾಗುವುದಿಲ್ಲ. ದೂಡಿದವರ ಪಾಲೂ ಅದರಲ್ಲಿ ಸೇರುತ್ತದೆ, ಅಷ್ಟೆ.

ತಿಳಿದೇ ಇಳಿದನಲ್ಲ ಎಂಬ ಮಾತನ್ನು ನಮ್ಮ ಸೀಮೆ ಬೇರೆಡೆಯೂ ಕೇಳಿದೆ. ದೀಪಾವಳಿಯ ಸುಮಾರಿಗೆ ಮರಾಠವಾಡದಿಂದ ಗಂಡಹೆಂಡಿರು ಜೋಡಿಯಾಗಿ ಮುಕಾದಮನಿಂದ ಉಚಲ ಪಡೆದು ಕಬ್ಬು ಕಡಿಯಲು ಹೊರಡುತ್ತಾರೆ. ಒಂದು ದಿನ ಜ್ವರವೆಂದು ಮಲಗಿದರೆ ಖಾಡಾ, ಅಂದರೆ ದಂಡ. ಅದೂ ಉಚಲದ ಲೆಕ್ಕಕ್ಕೇ ಸೇರುತ್ತದೆ. ದಿನ ತಪ್ಪೀತೆಂಬ ಭಯಕ್ಕೆ ಬೀಡ ಜಿಲ್ಲೆಯ ಎಷ್ಟೋ ಹೆಣ್ಣುಮಕ್ಕಳು ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶ ತೆಗೆಸಿಕೊಂಡ ಸುದ್ದಿ ಹೊರಬಿದ್ದು, 2019ರಲ್ಲಿ ಸರ್ಕಾರ ಸಮಿತಿ ನೇಮಿಸಬೇಕಾಯಿತು. ಅವರೂ ತಿಳಿದೇ ಒಪ್ಪಿದವರು. ಕೋಟಿಯ ಆಟಗಾರನನ್ನೂ ಕಬ್ಬು ಕಡಿಯುವವಳನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ. ಮೈಯನ್ನು ಮುಂಗಡಕ್ಕೆ ಕೊಂಡವರು ಮೈ ಕೆಟ್ಟಾಗ ಒಪ್ಪಿಗೆಯ ಕಾಗದವನ್ನು ತೋರಿಸುವ ರೀತಿ ಮಾತ್ರ ಎರಡೂ ಕಡೆ ಒಂದೇ.

ಹಾಗಾದರೆ ಯೋಗ್ಯವಾದ ನಿವೃತ್ತಿ ಹೇಗಿರುತ್ತದೆ? ನೋಡಲು ದೂರ ಹೋಗಬೇಕಿಲ್ಲ. ನಿಲಂಗಾ ತಾಲೂಕಿನ ರಾಮಲಿಂಗ ಮುದಗಡದವರಾದ ಹರಿಶ್ಚಂದ್ರ ಬಿರಾಜದಾರ ಪೈಲವಾನರು 1970ರ ಎಡಿನ್‌ಬರೋ ಕಾಮನ್‌ವೆಲ್ತ್ ಕ್ರೀಡೆಯಲ್ಲಿ ಚಿನ್ನ ಗೆದ್ದವರು. ಆ ತಾಲೂಕು 1956ರವರೆಗೆ ಬಿದರ ಜಿಲ್ಲೆಯದಾಗಿತ್ತೆಂಬುದನ್ನು ನಮ್ಮ ಹಿರಿಯರು ಇಂದಿಗೂ ಸ್ವಲ್ಪ ಹೆಮ್ಮೆಯಿಂದಲೇ ನೆನೆಯುತ್ತಾರೆ. ಆಡುವ ವಯಸ್ಸು ಮುಗಿದ ಮೇಲೆ ಅವರು ಪುಣೆಯ ಗೋಕುಲ ತಾಲೀಮಿನಲ್ಲಿ ವಸ್ತಾದರಾಗಿ ನಿಂತರು. ತಾವು ಎತ್ತಿ ಒಗೆಯಲಾರದ ಪಟ್ಟನ್ನು ಬೇರೆಯವರ ಮೈಯಲ್ಲಿ ಬೆಳೆಸಿದರು. 2011ರಲ್ಲಿ ಅವರು ತೀರಿಕೊಂಡರು. 2018ರಲ್ಲಿ ಗೋಲ್ಡ್ ಕೋಸ್ಟ್‌ನಲ್ಲಿ ಚಿನ್ನ ಗೆದ್ದ ಬೀಡ ಜಿಲ್ಲೆಯ ರಾಹುಲ್ ಆವಾರೆ ಆ ಪದಕವನ್ನು ಈ ಗುರುವಿಗೆ ಅರ್ಪಿಸಿದ. ಬಿರಾಜದಾರರ ಮೈ ಆಟದಿಂದ ಹೊರಗೆ ಬಂದಾಗ ನಿಲ್ಲಲು ಒಂದು ಕಟ್ಟೆಯಿತ್ತು. ತಾಲೀಮು ಅವರನ್ನು ಹೊರಗೆ ಹಾಕದೆ ಒಳಗಿನ ಇನ್ನೊಂದು ಕೋಣೆಗೆ ಕರೆದೊಯ್ಯಿತು. ಎಲ್ಲ ಪೈಲವಾನರೂ ವಸ್ತಾದರಾಗಲಾರರು ಎಂಬುದು ನಿಜ. ಸೋಲುಗೆಲುವು ಹೇಳುವ ಪಂಚರು, ಶಾಲೆಯ ಆಟದ ಮೇಷ್ಟ್ರು, ಊರ ತಾಲೀಮಿನ ಮಣ್ಣು ಹದಮಾಡುವವರು ಬೇಕೇ ಬೇಕು. ಆ ಕೋಣೆಗಳನ್ನು ಗಾಯವಾಗುವ ಮುಂಚೆಯೇ ತೆರೆದಿಡಬೇಕು.

ನಮ್ಮ ಸಂಘದ ಸದಸ್ಯರಲ್ಲಿ ಹಲವರು ತಮ್ಮ ಊರಿನ ಜಾತ್ರಾ ಪಂಚಕಮಿಟಿಯಲ್ಲಿ ಇರುವವರೇ. ಕುಸ್ತಿಯ ಹ್ಯಾಂಡ್‌ಬಿಲ್ಲಿನಲ್ಲಿ ಇನಾಮು ಕೊಡುವವರ ಹೆಸರು, ಮೊತ್ತ, ಮೂಲೆಯಲ್ಲಿ ಅಂಗಡಿಗಳ ಜಾಹೀರಾತು ಎಲ್ಲವೂ ಅಚ್ಚಾಗುತ್ತವೆ. ಕೊನೆಯ ಕುಸ್ತಿಯ ಇನಾಮಿನಿಂದ ನೂರಕ್ಕೆ ಹತ್ತನ್ನು ಗಾಯಗೊಂಡವರಿಗೆಂದು ಬ್ಯಾಂಕಿನಲ್ಲಿ ಇಟ್ಟರೆ ಗೆದ್ದವನೂ ಬೇಡವೆನ್ನಲಾರ. ಮುಂದಿನ ಜಾತ್ರೆಯಲ್ಲಿ ಬಿದ್ದವನು ಅವನೇ ಆಗಿರಬಹುದಲ್ಲ. ಅಖಾಡದ ಬದಿಯಲ್ಲಿ ತಾಲೀಮಿಗೆ ಸೇರದ ಒಬ್ಬ ಡಾಕ್ಟರರು ಕುಳಿತು, ಇವನು ಇಂದು ಆಡಕೂಡದೆಂದರೆ ಆಡಿಸದಿರುವ ಕಟ್ಟಳೆಯನ್ನೂ ಅದೇ ಹ್ಯಾಂಡ್‌ಬಿಲ್ಲಿನ ಕೆಳಗೆ ಒಂದು ಸಾಲಿನಲ್ಲಿ ಹಾಕಬಹುದು. ಹ್ಯಾಂಡ್‌ಬಿಲ್ಲು ಅಚ್ಚಿಗೆ ಹೋಗುವ ಮುನ್ನ ಕಮಿಟಿಯವರು ಗುಡಿಯ ಕಟ್ಟೆಯ ಮೇಲೆ ಒಮ್ಮೆ ಕೂಡುತ್ತಾರೆ. ಈ ಲೇಖನವನ್ನು ಓದಿದವರಲ್ಲಿ ಒಬ್ಬಿಬ್ಬರಾದರೂ ಆ ಹೊತ್ತಿಗೆ ಅಲ್ಲಿರುತ್ತಾರೆಂದು ನಂಬಿದ್ದೇವೆ.