ಹಾಯಿ ಮೇಲೆ, ಎಂಜಿನ್ ಕೆಳಗೆ

ಬರೀ ಹಾಯಿಯ ಬಲದಿಂದ ಗಾಳಿಗೆ ನೇರ ಎದುರಾಗಿ ಹೋಗಲು ಯಾವ ದೋಣಿಗೂ ಆಗದು. ನಾವಿಕ ಎಷ್ಟೇ ಪಳಗಿದವನಾಗಿರಲಿ, ಗಾಳಿ ಬರುವ ದಿಕ್ಕಿಗೆ ಸುಮಾರು 45 ಡಿಗ್ರಿ ಓರೆಯಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೊರಳುತ್ತ, ಒಂದು ಮೈಲಿಯ ದಾರಿಗೆ ಹೆಚ್ಚುಕಡಿಮೆ ಒಂದೂವರೆ ಮೈಲಿ ಸುತ್ತಬೇಕು. ಹೊತ್ತು ಇಳಿಯುತ್ತಿದ್ದರೆ, ಉಬ್ಬರ ತಿರುಗುತ್ತಿದ್ದರೆ ಅಷ್ಟು ವ್ಯವಧಾನ ಇರುವುದಿಲ್ಲ. ಆಗ ಹಿಂಬದಿಗೆ ನೇತುಹಾಕಿದ ಔಟ್‌ಬೋರ್ಡ್ ಮೋಟರಿನ ಹಗ್ಗ ಜಗ್ಗುತ್ತಾರೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಮೋಟರು ಇರುವುದೇ ಅದಕ್ಕೆ. ಆದರೆ ಅದು ಓಡತೊಡಗಿದ ಮೇಲೆ ದೋಣಿಯವನ ಮುಂದೆ ಎರಡು ಪ್ರಶ್ನೆ ನಿಲ್ಲುತ್ತವೆ. ದಾರಿ ತಪ್ಪದ ಹಾಗೆ ನಡೆಸುವುದು ಹೇಗೆ ಎಂಬುದು ಮೊದಲನೆಯದು. ಈಗ ನಾನು ಯಾರು ಎಂಬುದು ಎರಡನೆಯದು.

ಮೊದಲನೆಯದನ್ನು ಕಲಿಯಲು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಗಿಂತ ಕಟ್ಟುನಿಟ್ಟಾದ ಪಾಠಶಾಲೆ ಅಪರೂಪ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಒಳನಾಡಿನ ಕಣಿವೆ ಕಾದು ಅಲ್ಲಿನ ಗಾಳಿ ಮೇಲೇರುತ್ತದೆ. ಆ ಜಾಗ ತುಂಬಲು ಪೆಸಿಫಿಕ್‌ನ ತಣ್ಣನೆ ಗಾಳಿ ಗೋಲ್ಡನ್ ಗೇಟ್ ಎಂಬ ಕಿರಿದಾದ ಸಂದಿಯಲ್ಲಿ ನುಗ್ಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದರ ವೇಗ 20–25 ನಾಟ್ ಆಗುವುದು ಅಲ್ಲಿ ಸಾಮಾನ್ಯ. ಬರ್ಕ್ಲಿಯ ದೋಣಿನೆಲೆ ಆ ಸಂದಿಗೆ ಸರಿಯಾಗಿ ಎದುರಿಗಿದೆ. ಅಲ್ಲಿಂದ ಪಶ್ಚಿಮಕ್ಕೆ ಹೊರಟವರ ಮುಖಕ್ಕೇ ಗಾಳಿ. ಕೊಲ್ಲಿಯ ನೀರು ಇಳಿತದಲ್ಲಿ ಕಡಲಿಗೆ ಹರಿದು ಹೋಗುವಾಗ ಎದುರಿನಿಂದ ಈ ಗಾಳಿ ಬಡಿದರೆ ಅಲೆಗಳು ಗಿಡ್ಡಾಗಿ, ಕಡಿದಾಗಿ, ಒಂದರ ಬೆನ್ನಿಗೆ ಒಂದು ಏಳುತ್ತವೆ.

ಅಂಥ ನೀರಿಗೆ ಕ್ಯಾಟಲಿನಾ 22 ಜಾತಿಯ, ಅಂದರೆ ಇಪ್ಪತ್ತೆರಡು ಅಡಿಯ ಆಸುಪಾಸಿನ ದೋಣಿಯೊಂದನ್ನು ಇಳಿಸಿ ನೋಡಿ. ಗಾಳಿ 20 ನಾಟ್ ಇದ್ದು ದೋಣಿ ಅದಕ್ಕೆ ಎದುರಾಗಿ 4 ನಾಟ್ ಓಡಿದರೆ ಮುಖಕ್ಕೆ ಬಡಿಯುವ ಗಾಳಿ 24 ನಾಟ್. ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಸುಮ್ಮನೆ ನಿಂತಿದ್ದಾಗ ಬೀಳುತ್ತಿದ್ದುದಕ್ಕಿಂತ ಶೇಕಡಾ 44ರಷ್ಟು ಹೆಚ್ಚು ಪೆಟ್ಟು ಬೀಳುತ್ತದೆ. ಒಂದು ಅಲೆ ಮೂತಿಗೆ ಅಪ್ಪಳಿಸಿದರೆ ಸಾಕು, ವೇಗ ಒಂದೆರಡು ನಾಟ್‌ಗೆ ಕುಸಿಯುತ್ತದೆ. ಮೂತಿ ಕೆಳಗೆ ಹೋದಾಗ ಹಿಂಬದಿ ಮೇಲೇಳುತ್ತದೆ. ಮೋಟರಿನ ರೆಕ್ಕೆ ನೀರು ಬಿಟ್ಟು ಗಾಳಿಯಲ್ಲಿ ಸುತ್ತಿ ಚೀರುತ್ತದೆ, ತಳ್ಳುವ ಬಲ ಆ ಗಳಿಗೆಯಲ್ಲಿ ಸೊನ್ನೆ. ಚುಕ್ಕಾಣಿಯ ಪಕ್ಕ ನೀರು ಹರಿದರಷ್ಟೇ ಅದು ಕೆಲಸ ಮಾಡುತ್ತದೆ. ನೀರು ನಿಂತರೆ ಅದು ಬರೀ ಹಲಗೆ. ಮೂತಿ ಒಂದು ಪಕ್ಕಕ್ಕೆ ವಾಲುತ್ತದೆ, ವಾಲಿದ ಪಕ್ಕಕ್ಕೆ ಗಾಳಿ ತಗಲುತ್ತದೆ, ಇನ್ನಷ್ಟು ವಾಲುತ್ತದೆ. ಹೊಸಬರು ಇಲ್ಲಿ ಚುಕ್ಕಾಣಿಯ ಹಿಡಿಯನ್ನು ಕೊನೆಯವರೆಗೂ ತಳ್ಳುತ್ತಾರೆ. ಅಷ್ಟು ಅಡ್ಡ ತಿರುಗಿದ ಚುಕ್ಕಾಣಿ ದೋಣಿಯನ್ನು ತಿರುಗಿಸುವುದಕ್ಕಿಂತ ಹೆಚ್ಚಾಗಿ ತಡೆಯುತ್ತದೆ.

ಬಲ್ಲವರು ಮಾಡುವುದು ಬೇರೆ. ತಳದಲ್ಲಿ ಏರಿಸಿ ಇಳಿಸಬಹುದಾದ ಕೀಲ್ (keel) ಅನ್ನು ಪೂರ್ತಿ ಇಳಿಸುತ್ತಾರೆ. ಅದಿಲ್ಲದಿದ್ದರೆ ದೋಣಿ ನೀರಿನ ಮೇಲೆ ಅಡ್ಡಡ್ಡ ಜಾರುತ್ತದೆ. ಮುಂದಿನ ಹಾಯಿಯನ್ನು ಇಳಿಸಿ ಬಿಗಿಯಾಗಿ ಕಟ್ಟುತ್ತಾರೆ. ಮೋಟರಿನ ರೆಕ್ಕೆ ನೀರಿನಲ್ಲೇ ಉಳಿಯಲೆಂದು ಜನರನ್ನು ಹಿಂದೆ ಕೂರಿಸುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ದೊಡ್ಡ ಹಾಯಿಯನ್ನು ಇಳಿಸುವುದಿಲ್ಲ. ಅದರ ಹಗ್ಗ ಎಳೆದು ನಡುಗೆರೆಗೆ ತಂದು ಚಪ್ಪಟೆ ಮಾಡಿ, ಮೂತಿಯನ್ನು ಗಾಳಿಯಿಂದ ಇಪ್ಪತ್ತೈದು ಮೂವತ್ತು ಡಿಗ್ರಿ ಆಚೆಗೆ ಸರಿಸುತ್ತಾರೆ. ಬರೀ ಹಾಯಿಗೆ ಅಷ್ಟು ಹತ್ತಿರದ ಕೋನ ಸಿಗದು, ಬರೀ ಮೋಟರಿಗೆ ಅಲ್ಲಿ ಸ್ಥಿರತೆ ಸಿಗದು. ಎರಡೂ ಕೂಡಿದಾಗ ದೋಣಿ ಒಂದು ಪಕ್ಕಕ್ಕೆ ಮೆಲ್ಲಗೆ ಒರಗಿ, ಹೊಯ್ದಾಟ ಬಿಟ್ಟು, ಹಳಿ ಹಿಡಿದಂತೆ ನಡೆಯುತ್ತದೆ. ಚುಕ್ಕಾಣಿಗೆ ಬೆರಳಿನಷ್ಟು ತಿದ್ದುಪಡಿ ಸಾಕು, ಆದರೆ ಮೂತಿ ವಾಲುವ ಮೊದಲೇ ಮಾಡಬೇಕು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಪಕ್ಕಕ್ಕೆ ಹೊರಳಿಸಿ ಮತ್ತೆ ಅದೇ ಕೋನ.

ಎರಡನೆಯ ಪ್ರಶ್ನೆಗೆ ಉತ್ತರ ಕಡಲಿನ ಕಾನೂನಿನಲ್ಲಿದೆ. ನೌಕೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ ತಡೆಯಲು 1972ರಲ್ಲಿ ರೂಪಿಸಿ 1977ರಿಂದ ಜಾರಿಗೆ ಬಂದ ಅಂತರರಾಷ್ಟ್ರೀಯ ನಿಯಮಗಳು ಹೇಳುವುದಿಷ್ಟು: ಹಾಯಿ ಬಿಚ್ಚಿದ್ದರೂ ಮುಂದೆ ಹೋಗಲು ಎಂಜಿನ್ ಬಳಸುತ್ತಿದ್ದರೆ ಆ ದೋಣಿ ಹಾಯಿದೋಣಿಯಲ್ಲ, ಎಂಜಿನ್ ನೌಕೆ. ಹಗಲಿನಲ್ಲಿ ಅದು ತನ್ನ ಮುಂಭಾಗದಲ್ಲಿ ತುದಿ ಕೆಳಮುಖವಾದ ಕಪ್ಪು ಶಂಕುವೊಂದನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು. ರಾತ್ರಿ ಎಂಜಿನ್ ನೌಕೆಯ ದೀಪಗಳನ್ನೇ ಹಚ್ಚಬೇಕು. ಕಾರಣ ಸರಳ. ಹಾಯಿದೋಣಿಗೆ ಸಾಮಾನ್ಯವಾಗಿ ಎಂಜಿನ್ ನೌಕೆ ದಾರಿ ಬಿಡಬೇಕು, ಏಕೆಂದರೆ ಹಾಯಿಯವನು ಗಾಳಿ ಬಿಟ್ಟ ಕಡೆ ಮಾತ್ರ ಹೋಗಬಲ್ಲ, ಎಂಜಿನ್ ಇದ್ದವನು ಬೇಕಾದ ಕಡೆ ತಿರುಗಬಲ್ಲ. ದೂರದಿಂದ ನೋಡಿದವನಿಗೆ ಹಾಯಿ ಕಾಣುತ್ತದೆ, ಮೋಟರು ಕಾಣುವುದಿಲ್ಲ. ಆ ಶಂಕು ಹೇಳುವುದು: ನನಗೆ ಸಹಾಯವಿದೆ, ನನ್ನನ್ನು ಬರೀ ಹಾಯಿಯವನೆಂದು ತಿಳಿಯಬೇಡಿ.

ಸಹಾಯ ಪಡೆಯಬೇಡ ಎಂದು ಈ ನಿಯಮ ಹೇಳುವುದಿಲ್ಲ. ಸಹಾಯವನ್ನೂ ಪಡೆದು, ಅದಿಲ್ಲದವನಿಗೆ ಸಲ್ಲುವ ಮರ್ಯಾದೆಯನ್ನೂ ಪಡೆಯಬೇಡ ಎನ್ನುತ್ತದೆ. ನೆಲದ ಮೇಲೆ ನಾವು ದಿನವೂ ಮೀರುವುದು ಇದನ್ನೇ.

ಅದೇ ಕೊಲ್ಲಿಯ ದಕ್ಷಿಣ ತುದಿಗೆ ಸಿಲಿಕಾನ್ ವ್ಯಾಲಿ. ಅಲ್ಲಿನ ಕನ್ನಡಿಗರ ಮನೆಗಳಲ್ಲಿ ಹಬ್ಬದೂಟ ಮುಗಿದ ಮೇಲೆ ಒಂದು ಕಥೆ ಬಂದೇ ಬರುತ್ತದೆ: ಎರಡು ಸೂಟ್‌ಕೇಸ್, ಕಿಸೆಯಲ್ಲಿ ಅಷ್ಟಿಷ್ಟು ಡಾಲರ್, ಉಳಿದದ್ದೆಲ್ಲ ಸ್ವಂತ ದುಡಿಮೆ. ಆ ಕಥೆಯಲ್ಲಿ ಸುಳ್ಳಿಲ್ಲ. ಹಾಯಿ ನಿಜವಾಗಿಯೂ ಬಿಚ್ಚಿತ್ತು. ಆದರೆ ಕೆಳಗೆ ಓಡುತ್ತಿದ್ದುದೇನು? ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು ಕೆಆರ್‌ಇಸಿಯಂಥ, 1960ರ ಸುಮಾರಿಗೆ ಸರ್ಕಾರದ ಹಣದಲ್ಲಿ ಎದ್ದ ಕಾಲೇಜುಗಳು. ಅಲ್ಲಿ ವಿದ್ಯಾರ್ಥಿ ಕಟ್ಟುತ್ತಿದ್ದ ಶುಲ್ಕ ಅವನಿಗೆ ತಗಲುತ್ತಿದ್ದ ಖರ್ಚಿನ ಒಂದು ಚೂರು. ಯಾರದೋ ಮನೆಯ ವಾರಾನ್ನ, ಯಾವುದೋ ಮಠದ ಪ್ರಸಾದ ನಿಲಯ. 1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನನ್ನು ಬದಲಿಸಿ, ರಾಷ್ಟ್ರಮೂಲದ ಮೇಲೆ ಹಂಚುತ್ತಿದ್ದ ಕೋಟಾ ತೆಗೆದುಹಾಕಿ ಭಾರತೀಯರಿಗೆ ಬಾಗಿಲು ತೆರೆದದ್ದು. ಅದಕ್ಕೆ ನೆಲ ಹದಮಾಡಿದ್ದು ಅಲ್ಲಿನ ಕಪ್ಪು ಜನ ಬೀದಿಗಿಳಿದು ಪೆಟ್ಟು ತಿಂದು ನಡೆಸಿದ ನಾಗರಿಕ ಹಕ್ಕುಗಳ ಹೋರಾಟ. ಈ ಮೋಟರಿನ ಸದ್ದು ಊಟದ ಮನೆಯ ಕಥೆಯಲ್ಲಿ ಕೇಳಿಸುವುದಿಲ್ಲ.

ಹಾಗೆಂದು ದುಡಿಮೆಯನ್ನು ಅಲ್ಲಗಳೆಯುವುದೂ ತಪ್ಪಾಗುತ್ತದೆ. ಮೋಟರು ದೋಣಿಯನ್ನು ತಳ್ಳೀತೇ ಹೊರತು ನಡೆಸಲಾರದು. ಮುಖಕ್ಕೆ ಉಪ್ಪುನೀರು ರಾಚುವಾಗ ಚುಕ್ಕಾಣಿಯ ಮೇಲೆ ಕೈಯಿಟ್ಟು ಕೂತವನ ಎಚ್ಚರ ಅವನದೇ. ಅದೇ ಕಾಲೇಜಿನಿಂದ ಹೊರಬಿದ್ದ ಎಲ್ಲರೂ ಅದೇ ದಡ ಸೇರಲಿಲ್ಲ. ಆದರೆ ಎಚ್ಚರ ತನ್ನದು ಎಂಬುದರಿಂದ ಬಲವೂ ತನ್ನದೇ ಎಂದಾಗುವುದಿಲ್ಲ. ಈ ಎರಡನ್ನು ಬೆರೆಸಿದ ಕೂಡಲೇ ಮಾತು ಕಟುವಾಗುತ್ತದೆ: ನನಗೆ ಆದದ್ದು ಅವನಿಗೇಕೆ ಆಗದು? ಮೀಸಲಾತಿಯ ಮಾತು ಬಂದಾಗ, ಸಂದರ್ಶನದಲ್ಲಿ ರಾಯಚೂರಿನ ಹುಡುಗಿ ಇಂಗ್ಲಿಷ್ ಪದಕ್ಕೆ ತಡವರಿಸಿದಾಗ, ಮನೆಗೆಲಸದವಳ ಮಗ ಹತ್ತನೇ ತರಗತಿಗೆ ಓದು ನಿಲ್ಲಿಸಿದಾಗ ಈ ಪ್ರಶ್ನೆ ಎಷ್ಟು ಬೇಗ ನಾಲಿಗೆಗೆ ಬರುತ್ತದೆ! ಕೇಳುವವನ ಹಿಂದೆ ಮೋಟರು ಓಡುತ್ತಿರುತ್ತದೆ. ಕೇಳಿಸಿಕೊಳ್ಳುವವರ ಮುಖಕ್ಕೂ ಅದೇ ಗಾಳಿ, ಹಿಂದೆ ಏನೂ ಇಲ್ಲ.

ಕಡಲಿನ ಆ ಶಂಕುವಿನ ನಿಯಮದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಗೋಲ್ಡನ್ ಗೇಟಿನಿಂದ ಒಳಗೆ, ಕೊಲ್ಲಿಯ ನೀರಿನಲ್ಲಿ, ಅಮೆರಿಕದ ಒಳನಾಡು ನಿಯಮ ನಡೆಯುತ್ತದೆ. ಅದು 12 ಮೀಟರಿಗಿಂತ ಚಿಕ್ಕ ದೋಣಿಗೆ ಶಂಕು ಕಟ್ಟುವುದರಿಂದ ವಿನಾಯಿತಿ ಕೊಟ್ಟಿದೆ. ಬೇಕಿದ್ದರೆ ಕಟ್ಟಬಹುದು, ಕಟ್ಟಲೇಬೇಕೆಂದಿಲ್ಲ. ಆದರೆ ದಾರಿ ಬಿಡುವುದರಿಂದ ವಿನಾಯಿತಿ ಇಲ್ಲ. ಶಂಕು ತೋರಿಸದಿದ್ದರೂ ಅದು ಎಂಜಿನ್ ನೌಕೆಯೇ. ಹಾಯಿಯೊಂದನ್ನೇ ನಂಬಿ ಬರುವ ದೋಣಿ ಎದುರಾದರೆ ತಾನೇ ಪಕ್ಕಕ್ಕೆ ಸರಿಯಬೇಕು. ಸಾಲವನ್ನು ಸಾರಿ ಹೇಳುವುದು ಒಂದು, ಸಾಲಕ್ಕೆ ತಕ್ಕಂತೆ ನಡೆಯುವುದು ಇನ್ನೊಂದು. ಮೊದಲನೆಯದು ಈಗ ಸುಲಭವಾಗಿದೆ. ಸನ್ಮಾನದ ಹಾರ ಹಾಕಿಸಿಕೊಂಡು ತಂದೆತಾಯಿ, ಗುರುಗಳು, ಊರು ಎಂದು ಎಲ್ಲರನ್ನೂ ನೆನೆಯುವವರು, ಇಳಿದು ಹೋಗುವಾಗ ಒಂದು ಅಂಗುಲವೂ ಸರಿಯದಿರುವುದನ್ನು ನೋಡುತ್ತಲೇ ಇದ್ದೇವೆ.

ಸರಿಯುವುದೆಂದರೆ ಏನು ಎಂಬುದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಒಬ್ಬ ಓದಿದ, ಒಬ್ಬ ಉಳಿದ. ಓದಿದವನ ಹಾಸ್ಟೆಲ್ ಖರ್ಚಿಗೆ ಅಡಿಕೆ ಮಾರಿದ್ದು, ಎತ್ತು ಮಾರಿದ್ದು, ಉಳಿದವನು ಅಪ್ಪನ ಜೊತೆ ಕೆಸರಿಗಿಳಿದದ್ದು. ಇಪ್ಪತ್ತೈದು ವರ್ಷದ ಮೇಲೆ ಪಾಲಿನ ಮಾತು ಬರುತ್ತದೆ. ಓದಿದವನು ವಿಮಾನದಲ್ಲಿ ಬಂದು ಜಗುಲಿಯಲ್ಲಿ ಕೂತು ಪಹಣಿ ಕೈಗೆತ್ತಿಕೊಂಡು ಸಮಪಾಲು ಕೇಳಿದರೆ ಯಾವ ಕೋರ್ಟೂ ತಪ್ಪೆನ್ನದು. ಕಾನೂನು ಕೊಡುವುದೇ ಅದನ್ನು. ಅವನ ಮೇಲೆ ಯಾವ ಶಂಕುವೂ ತೂಗುತ್ತಿಲ್ಲ, ಸರ್ವೆಯವನಿಗೆ ಕಾಣುವುದು ಇಬ್ಬರು ಅಣ್ಣತಮ್ಮಂದಿರು ಮಾತ್ರ. ತನ್ನ ಹಿಂದೆ ಓಡಿದ್ದು ಯಾರ ಬೆವರು ಎಂದು ಆ ಜಗುಲಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಅವನೇ. ಯಾವ ಕಡೆಗೂ ತಿರುಗಬಲ್ಲವನೂ ಅವನೇ. ಹಾಗಾಗಿ ದಾರಿ ಬಿಡಬೇಕಾದವನೂ ಅವನೇ.